ಲಾರಿ ಬ್ಯಾಟರಿ ಎಷ್ಟು ವರ್ಷ ಬರ್ತೈತಿ, ಯಾವಾಗ ಬದ್ಲಿ ಮಾಡಬೇಕು? 24 ವೋಲ್ಟ್ ಗಾಡಿ, 150 ಎಎಚ್ ಜೋಡಿ

ಮೋಟೆಬೆನ್ನೂರ_14ಟೈರ್

ಎಲ್ಲಾರಿಗೂ ನಮಸ್ಕಾರ್ರೀ. 14 ಟೈರಿನ ಗಾಡಿ, ಬಿಎಸ್ 6. 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡು, ನೀರು ಹಾಕೋ ನಮೂನಿವು. ಕೂಡಿಸಿ 2 ವರ್ಷ 8 ತಿಂಗಳಾತು. ನಸುಕಿನ್ಯಾಗ ಸೆಲ್ಫ್ ಹೊಡದ್ರ ಮೆತ್ತಗ ತಿರಗತೈತಿ, ಇಂಜಿನ್ ಬಿಸಿ ಇದ್ದಾಗ ಏನೂ ತ್ರಾಸಿಲ್ಲ. ಬ್ಯಾಡಗಿ ಮೆಣಸಿನಕಾಯಿ ಸೀಸನ್ ಜೋರಾಗೂದ್ರೊಳಗ ಎರಡೂ ಬದ್ಲಿ ಮಾಡ್ಲೋ, ಒಂದ ಬದ್ಲಿ ಮಾಡಿದ್ರ ನಡೀತದೋ? ಅಂಗಡಿಯವ್ರು ನೋಡಿದ ಕೂಡ್ಲೆ ಎರಡೂ ಹೋಗ್ಯಾವು ಅಂದ್ರು. ತಿಳದವ್ರು ಹೇಳ್ರಿ.

ಬೈಪಾಸ್_ಗಬ್ಬೂರ

ವರ್ಷದ ಲೆಕ್ಕ ಗಾಡಿ ಮಾಡೋ ಕೆಲಸದ ಮ್ಯಾಲೆ ಐತ್ರಿ. ಹುಬ್ಬಳ್ಳಿಯಿಂದ ಮುಂಬೈ, ಚೆನ್ನೈ ಅಂತ ದಿನಾ ಎಂಟ್ಹತ್ತು ತಾಸು ಓಡೋ ಗಾಡಿಗೆ ನೀರಿನ ಬ್ಯಾಟರಿ ಮೂರು ವರ್ಷ, ಸೀಲ್ಡ್ ಬ್ಯಾಟರಿ ಮೂರೂವರಿ-ನಾಕು ವರ್ಷ ಬರ್ತಾವು. ಊರಾಗ ತಿರಗೋ ಟಿಪ್ಪರ್, ನೀರಿನ ಟ್ಯಾಂಕರ್, ಹಾಲಿನ ಗಾಡಿ ದಿನಕ್ಕ ಮೂವತ್ತು ಸಲ ಚಾಲೂ, ಮೂವತ್ತು ಸಲ ಬಂದ್. ಸೆಲ್ಫ್ ತಿಂದ ಕರೆಂಟ್ ಡೈನಮೋ ತುಂಬೂದ್ರೊಳಗ ಮತ್ತ ಬಂದ್. ಅಂಥವಕ್ಕ ಎರಡು ವರ್ಷ ಬಂದ್ರ ಪುಣ್ಯಾ, ದೀಡ ವರ್ಷಕ್ಕ ಕೈ ಕೊಡೂದೂ ಐತಿ.

ಇನ್ನೊಂದು, ಬ್ಯಾಟರಿ ಕೆಡೂದು ಏಪ್ರಿಲ್-ಮೇ ಬಿಸಿಲಿನ್ಯಾಗ, ಅದು ಗೊತ್ತಾಗೂದು ಡಿಸೆಂಬರ್ ನಸುಕಿನ್ಯಾಗ. ಆಸಿಡ್ಡಿನ ಬಿಸಿ ಹತ್ತು ಡಿಗ್ರಿ ಏರಿದ್ರ ಆಯುಷ್ಯ ಸುಮಾರು ಅರ್ಧ ಇಳೀತದ ಅಂತ ಲೆಕ್ಕ. ಗದಗ ದಾಟಿ ಬಳ್ಳಾರಿ, ಕಲಬುರಗಿ ಕಡೆ ಬ್ಯಾಸಿಗ್ಯಾಗ ಓಡೋ ಗಾಡಿ ಬ್ಯಾಟರಿ ಒಳಗಿನ ಪ್ಲೇಟ್ ಆಗ ತಿಂದು ಹೋಗಿರ್ತಾವು. ಚಳಿಗೆ ಇಂಜಿನ್ ಆಯಿಲ್ ದಪ್ಪಾಗಿ ಸೆಲ್ಫಿಗೆ ಜಾಸ್ತಿ ಕರೆಂಟ್ ಬೇಕಾದಾಗ ಅದರ ಬಣ್ಣ ಬಯಲಾಗತೈತಿ. ನಿಮ್ಮದೂ ಆ ಥರಾ ಕಾಣಸ್ತದ. ಆದ್ರ ಅಳೀದ ಹೇಳಾಕ ಬರೂದಿಲ್ಲ.

ತಾರಿಹಾಳ_ಎಲೆಕ್ಟ್ರಿಕಲ್

ಅಂಗಡಿಯವರ ಮಾತಿನ ಮೇಲೆ ರೊಕ್ಕ ಬಿಚ್ಚುವ ಮೊದಲು ಮೀಟರ್ ಹಿಡಿಯಿರಿ. ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಹೈಡ್ರೋಮೀಟರ್ ಸಾಕು. ನೋಡಿ ಹೇಳುವುದಕ್ಕೂ ಅಳೆದು ಹೇಳುವುದಕ್ಕೂ ಒಂದು ಜೋಡಿ ಬ್ಯಾಟರಿಯ ಬೆಲೆಯಷ್ಟು ವ್ಯತ್ಯಾಸ ಇದೆ.

ಮೊದಲನೇದು ನಿಂತ ವೋಲ್ಟ್. ರಾತ್ರಿ ಪೂರ್ತಿ ಗಾಡಿ ನಿಂತಿರಲಿ, ಮುಂಜಾನೆ ಕೀಲಿ ತಿರುವುವ ಮೊದಲು ಒಂದೊಂದೇ ಬ್ಯಾಟರಿ ಅಳೆಯಿರಿ. ಎರಡನ್ನೂ ಕೂಡಿಸಿ 24 ತೋರಿಸುತ್ತೆ ಅಂತ ಬಿಟ್ಟರೆ ಏನೂ ತಿಳಿಯಲ್ಲ. 12.6 ಇದ್ದರೆ ತುಂಬಿದೆ, 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12.0 ಅಂದ್ರೆ ಕಾಲು. 10.5ರ ಹತ್ತಿರ ನಿಂತು ಚಾರ್ಜ್ ಮಾಡಿದರೂ ಏರದಿದ್ದರೆ ಒಂದು ಸೆಲ್ ಶಾರ್ಟ್. ಬ್ಯಾಟರಿಯೊಳಗೆ ಆರು ಸೆಲ್, ಸೆಲ್ಲಿಗೆ 2.1 ವೋಲ್ಟ್, ಅದೊಂದು ಕಳೆದರೆ ಉಳಿಯೋದು ಅಷ್ಟೇ. ಆ ಬ್ಯಾಟರಿಗೆ ಮತ್ತೆ ಪರೀಕ್ಷೆ ಬೇಡ.

ಎರಡನೇದು ಗ್ರಾವಿಟಿ, ಅಂದ್ರೆ ಹೈಡ್ರೋಮೀಟರಿನಲ್ಲಿ ಅಳೆಯುವ ಆಸಿಡ್ಡಿನ ಸಾಂದ್ರತೆ. ನಮ್ಮ ಕಡೆ ಬರುವ ಲಾರಿ ಬ್ಯಾಟರಿಗಳಲ್ಲಿ ತುಂಬಿದಾಗ 1240 ಇರೋದು ಸಾಮಾನ್ಯ, ಕೆಲವಕ್ಕೆ 1260–1280. ನಿಮ್ಮ ಬ್ಯಾಟರಿ ಮೇಲೋ ವಾರಂಟಿ ಕಾರ್ಡಿನಲ್ಲೋ ಬರೆದಿರುತ್ತೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಆರೂ ಸೆಲ್ ಬರೆದಿಟ್ಟುಕೊಳ್ಳಿ. ನೀರು ಹಾಕಿದ ತಕ್ಷಣ ಅಳೆಯಬೇಡಿ, ನೀರು ಮೇಲೇ ನಿಂತು ಸುಳ್ಳು ರೀಡಿಂಗ್ ಕೊಡುತ್ತೆ. ಆ ಅಂಕಿ 27 ಡಿಗ್ರಿ ಬಿಸಿಗೆ ಹೇಳಿದ್ದು, ಆಸಿಡ್ 37 ಡಿಗ್ರಿ ಇದ್ದರೆ ಬಂದ ರೀಡಿಂಗಿಗೆ 7 ಕೂಡಿಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನ ಎಡವೋದು ಇಲ್ಲೇ. ಆರೂ ಸೆಲ್ 1180 ಅಂತ ಸಮ ಇಳಿದಿದ್ದರೆ ಅದು ಖಾಲಿಯಾದ ಬ್ಯಾಟರಿ, ಕೆಟ್ಟ ಬ್ಯಾಟರಿ ಅಲ್ಲ. ಐದು ಸೆಲ್ 1235 ಇದ್ದು ಒಂದು ಮಾತ್ರ 1170 ಇದ್ದರೆ ಅದು ಕೆಟ್ಟ ಬ್ಯಾಟರಿ. ಪೂರ್ತಿ ಚಾರ್ಜ್ ಆದ ಮೇಲೂ ಸೆಲ್ ಸೆಲ್ಲಿಗೆ 30ಕ್ಕಿಂತ ಜಾಸ್ತಿ ಅಂತರ ಉಳಿದರೆ ಆಯುಷ್ಯ ಮುಗಿಯುತ್ತಾ ಬಂದಿದೆ, 50 ದಾಟಿದರೆ ತೆಗೆದುಹಾಕಿ.

ಮೂರನೇದು ಸೆಲ್ಫ್ ಹೊಡೆಯುವಾಗಿನ ವೋಲ್ಟ್. ಮೀಟರ್ ಒಂದು ಬ್ಯಾಟರಿಯ ಎರಡೂ ಟರ್ಮಿನಲ್ಲಿಗೆ ಹಿಡಿದು ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 9.6ಕ್ಕಿಂತ ಕೆಳಗೆ ಇಳಿಯಬಾರದು. ಬ್ಯಾಟರಿ ಚಾರ್ಜ್ ಇಲ್ಲದಾಗ ಈ ಪರೀಕ್ಷೆ ಮಾಡಿ ತೀರ್ಪು ಕೊಡಬೇಡಿ. ಬೂಚು ಹಾಕೇ ಇರಲಿ, ಕಣ್ಣು ದೂರ ಇರಲಿ.

ನಾಲ್ಕನೇದು ಚಾರ್ಜಿಂಗ್. ಇಂಜಿನ್ 1500 ಆರ್‌ಪಿಎಂನಲ್ಲಿ ಎರಡೂ ಬ್ಯಾಟರಿಯ ಕೊನೆಗಳಿಗೆ ಮೀಟರ್ ಹಿಡಿದರೆ 27.6ರಿಂದ 28.8 ಬರಬೇಕು. 27ರ ಕೆಳಗಿದ್ದರೆ ಬೆಲ್ಟ್ ಸಡಿಲ ಇದೆಯೋ, ಡೈನಮೋ ಸೋತಿದೆಯೋ ನೋಡಿ. 29 ದಾಟಿದರೆ ಕಟೌಟ್ (ಡೈನಮೋ ವೋಲ್ಟ್ ಹದ್ದಿನಲ್ಲಿಡುವ ರೆಗ್ಯುಲೇಟರ್) ಕೆಟ್ಟು ಬ್ಯಾಟರಿಯನ್ನ ಕುದಿಸ್ತಾ ಇದೆ. ಆಮೇಲೆ ಇದನ್ನೇ ಒಂದೊಂದು ಬ್ಯಾಟರಿಗೂ ಅಳೆದು ಬರೆಯಿರಿ. ಅದು ಯಾಕೆ ಅಂತ ಅಂಕಿ ಬಂದ ಮೇಲೆ ಹೇಳ್ತೀನಿ.

ಅಮರಗೋಳ_ಎಪಿಎಂಸಿ

ತಾರಿಹಾಳ ಸರ್ ಹೇಳಿದ್ದು ಖರೇ, ಆದ್ರ ಗಾಡಿ ಮಾಲಕರು ಇನ್ನೊಂದು ಲೆಕ್ಕಾನೂ ಹಾಕಬೇಕ್ರಿ. ಅರಬೈಲ ಘಟ್ಟದಾಗ ರಾತ್ರಿ ಮಳಿಯೊಳಗ ಗಾಡಿ ಬಂದ್ ಬಿದ್ದು ಸೆಲ್ಫ್ ತಗೋಳಿಲ್ಲಂದ್ರ ಮೆಕ್ಯಾನಿಕ್, ಜಂಪ್ ಕೊಡೋ ಗಾಡಿ, ಲೋಡ್ ಲೇಟಾದ ದಂಡ ಎಲ್ಲಾ ಕೂಡಿ ಒಂದು ಬ್ಯಾಟರಿ ರೇಟ್ ದಾಟತೈತಿ. ಟೈಮ್ ಕಟ್ಟಿ ಲೋಡ್ ಒಯ್ಯೋ ಗಾಡಿಗೆ ಮೂರು ವರ್ಷ ಆತಂದ್ರ ಕಣ್ಣ ಮುಚ್ಚಿ ಬದ್ಲಿ ಮಾಡೂದ ಸುದ್ದ.

ತಾರಿಹಾಳ_ಎಲೆಕ್ಟ್ರಿಕಲ್

ಒಪ್ಪಲ್ಲ ಅಣ್ಣಾರ. ಕಟೌಟ್ 29.5 ಕೊಡ್ತಾ ಇರುವ ಗಾಡಿಗೆ ಮೂರು ವರ್ಷಕ್ಕೆ ಹೊಸ ಜೋಡಿ ಹಾಕಿದರೆ ಅದು ವರ್ಷದೊಳಗೇ ಕುದ್ದು ಹೋಗುತ್ತೆ. ಕಾರಣ ಹಾಗೇ ಇರುತ್ತೆ, ಖರ್ಚು ಮಾತ್ರ ಎರಡು ಸಲ. ಎರಡೂವರೆ ವರ್ಷ ಆದ ಮೇಲೆ ಮೂರು ತಿಂಗಳಿಗೊಮ್ಮೆ ಗ್ರಾವಿಟಿ ಬರೆದಿಡಿ. ಮಳೆಗಾಲಕ್ಕೆ ಮುಂಚೆ ಮೇ ಕೊನೆಗೆ ಒಂದು ಸಲ, ಚಳಿಗೆ ಮುಂಚೆ ನವೆಂಬರಿನಲ್ಲಿ ಒಂದು ಸಲ ಸೆಲ್ಫ್ ಪರೀಕ್ಷೆ ಮಾಡಿ. ಅಷ್ಟು ಮಾಡುವವರ ಬ್ಯಾಟರಿ ಘಟ್ಟದಲ್ಲಿ ಏಕಾಏಕಿ ಕೈ ಕೊಡೋದು ಬಹಳ ಅಪರೂಪ. ಅಳೆಯಲು ಬಿಡುವೇ ಇಲ್ಲದವರಿಗೆ, ಹತ್ತಾರು ಗಾಡಿ ಇದ್ದು ಲೆಕ್ಕ ಇಡೋಕೆ ಆಗದವರಿಗೆ ನಿಮ್ಮ ಮೂರು ವರ್ಷದ ಲೆಕ್ಕ ಸರಿ.

ಮೋಟೆಬೆನ್ನೂರ_14ಟೈರ್

ಅಳದೀನ್ರಿ. ಚೆಸ್ಸಿಗೆ ಅರ್ಥ್ ಹೋಗಿದ್ದು ಎರಡನೇ ಬ್ಯಾಟರಿ.

ಒಂದನೇದು: ನಿಂತ ವೋಲ್ಟ್ 12.62. ಗ್ರಾವಿಟಿ ಆರೂ ಸೆಲ್ 1240ರ ಆಜೂಬಾಜೂ. ನೀರು ಬಾಳ ಇಳದೈತಿ, ಎರಡು ಸೆಲ್ಲಿನ್ಯಾಗ ಪ್ಲೇಟ್ ತುದಿ ಕಾಣಸ್ತಾವು.
ಎರಡನೇದು: 12.20. ಗ್ರಾವಿಟಿ 1185, 1180, 1185, 1190, 1185, 1180. ನೀರು ಬರೋಬ್ಬರಿ ಐತಿ.
ಚಾಲೂ ಇದ್ದಾಗ ಎರಡೂ ಕೂಡಿ 28.2. ಒಂದನೇದಕ್ಕ 14.9, ಎರಡನೇದಕ್ಕ 13.3.

ತಾರಿಹಾಳ_ಎಲೆಕ್ಟ್ರಿಕಲ್

ಕಾಯಿಲೆ ಸಿಕ್ಕಿತು. 28.2 ನೋಡಿ ಡೈನಮೋ ಸರಿ ಇದೆ ಅಂತ ಯಾರಾದರೂ ಬಿಟ್ಟುಬಿಡ್ತಾರೆ, ಅದು ಸರಿಯೇ ಇದೆ ಕೂಡ. ಆದರೆ ಅದು ಅರ್ಧರ್ಧ 14.1 ಆಗಿ ಹಂಚಿಕೆ ಆಗಬೇಕಿತ್ತು. ನಿಮ್ಮಲ್ಲಿ ಒಂದು 14.9 ತಿಂದು ಕುದಿಯುತ್ತಿದೆ, ಅದಕ್ಕೇ ನೀರು ಇಂಗಿದೆ. ಇನ್ನೊಂದು 13.3ರಲ್ಲಿ ಎಂದೂ ಪೂರ್ತಿ ತುಂಬಲ್ಲ.

ಕ್ಯಾಬಿನ್ನಿನ ಟೇಪ್, ಮೊಬೈಲ್ ಚಾರ್ಜರ್, ಫ್ಯಾನ್ ಯಾವುದಕ್ಕೋ ಎರಡನೇ ಬ್ಯಾಟರಿಯ ಪ್ಲಸ್‌ನಿಂದ, ಅಂದರೆ ನಡುವಿನ ಜೋಡಣೆಯಿಂದ, 12 ವೋಲ್ಟ್ ವೈರ್ ಎಳೆದಿದ್ದಾರೆ. ಆ ಸಾಮಾನು ಕುಡಿಯುವ ಕರೆಂಟ್ ಎರಡನೇದರಿಂದ ಮಾತ್ರ ಹೋಗುತ್ತೆ. ಡೈನಮೋ ಎರಡಕ್ಕೂ ಒಂದೇ ಕರೆಂಟ್ ಕಳಿಸುತ್ತೆ, ಆದ್ದರಿಂದ ಒಂದು ತುಂಬಿ ತುಳುಕುವಾಗ ಇನ್ನೊಂದು ಅರೆಹೊಟ್ಟೆ. ಹೊಸ ಜೋಡಿ ಹಾಕಿದ್ದರೂ ಇದೇ ಗತಿ ಆಗ್ತಿತ್ತು.

ಈಗ ಮಾಡಬೇಕಾದ್ದು: ಆ ವೈರ್ ಕಿತ್ತು 24ರಿಂದ 12 ವೋಲ್ಟ್ ಕನ್ವರ್ಟರ್ ಹಾಕಿಸಿ, ಅದರ ಪ್ಲಸ್ ಎರಡೂ ಬ್ಯಾಟರಿ ದಾಟಿದ 24ರ ಕೊನೆಗೆ ಬರಬೇಕು, ನಡುವೆ ಫ್ಯೂಸ್ ಇರಬೇಕು. ಎರಡನೇ ಬ್ಯಾಟರಿ ಬಿಚ್ಚಿ ಅದನ್ನು ಮಾತ್ರ 10 ಆಂಪಿಯರಿನಲ್ಲಿ ಚಾರ್ಜಿಗೆ ಹಾಕಿ. 150 ಎಎಚ್‌ಗೆ 15ರವರೆಗೂ ನಡೆಯುತ್ತೆ, ಆದರೆ ಬಹುದಿನ ಅರ್ಧ ಖಾಲಿ ಇದ್ದದ್ದಕ್ಕೆ ನಿಧಾನವೇ ಒಳ್ಳೇದು. ತಾಸಿಗೊಂದರಂತೆ ಮೂರು ರೀಡಿಂಗ್ ಗ್ರಾವಿಟಿ ಏರದೆ ನಿಂತರೆ ತುಂಬಿತು ಅಂತ ಅರ್ಥ. ಒಂದನೇದರಲ್ಲಿ ಪ್ಲೇಟ್ ಕಾಣುವ ಸೆಲ್ಲಿಗೆ ಈಗಲೇ ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದದ್ದು ಚಾರ್ಜ್ ಆದ ಮೇಲೆ.

ಗದಗ_ಸೆಲ್ಫ್_ಡೈನಮೋ

ಚಾರ್ಜಿಗೆ ಹಾಕಿದಾಗ ಕೇಬಲ್ಲೂ ನೋಡಿಬಿಡ್ರಿ ಮಾಲಕರ. ಮೆತ್ತಗ ತಿರಗೂದಕ್ಕೆಲ್ಲಾ ಬ್ಯಾಟರಿ ಕಾರಣ ಇರೂದಿಲ್ಲ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಪೋಸ್ಟಿನ ಮ್ಯಾಲೆ, ಕೇಬಲ್ ತುದಿಯ ಲಗ್ಗಿನ ಮ್ಯಾಲಲ್ಲ, ಇನ್ನೊಂದು ಸೆಲ್ಫಿನ ದೊಡ್ಡ ಬೋಲ್ಟಿಗೆ. ಸೆಲ್ಫ್ ಹೊಡದಾಗ ಅರ್ಧಾ ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ಹಂಗ ಮೈನಸ್ ಪೋಸ್ಟಿನಿಂದ ಸೆಲ್ಫಿನ ಮೈಗೆ ಹಿಡೀರಿ, ಅಲ್ಲೂ ಅರ್ಧದೊಳಗ. ಎರಡು ಬ್ಯಾಟರಿ ನಡುವಿನ ತುಂಡು ಕೇಬಲ್ ಯಾರೂ ನೋಡೂದಿಲ್ಲ, ಅದರ ಲಗ್ ಒಳಗೊಳಗ ಹಸರಾಗಿ ತಿಂದಿರ್ತೈತಿ. ಮುಟ್ಟಿದ್ರ ಬೆಚ್ಚಗ ಇದ್ರ ಅದ ಕಳ್ಳ.

ಬ್ಯಾಟರಿ ವೋಲ್ಟ್ 11ರ ಮ್ಯಾಲ ನಿಂತೂ ಸೆಲ್ಫ್ ಮೆತ್ತಗ ತಿರಗಿದ್ರ ಕೇಬಲ್, ಅರ್ಥ್ ಇಲ್ಲಾ ಸೆಲ್ಫಿನ ಕಾರ್ಬನ್ ಬ್ರಷ್ ಕಾರಣ. ತುಂಬಿದ ಒಳ್ಳೆ ಬ್ಯಾಟರಿನೂ ಸೆಲ್ಫ್ ಹೊಡದ ಕೂಡ್ಲೆ ಧಪ್ ಅಂತ ಬಿದ್ರ ಸೆಲ್ಫಿನ ಬುಶ್ ಸವದು ಆರ್ಮೇಚರ್ ತಾಗ್ತಿರ್ತೈತಿ, ಕರೆಂಟ್ ವಿಪರೀತ ಎಳೀತೈತಿ. ಚೆಸ್ಸಿ ಅರ್ಥ್ ಬೋಲ್ಟ್ ಬಿಚ್ಚಿ ಬಣ್ಣ, ಜಂಗು ಹೋಗೂಹಂಗ ಎಮರಿ ಹಾಳಿಯಿಂದ ತಿಕ್ಕಿ, ಬಿಗದ ಮ್ಯಾಲೆ ಗ್ರೀಸ್ ಹಚ್ಚ್ರಿ.

ಸೆಲ್ಫ್ 10–15 ಸೆಕೆಂಡ್ ದಾಟಿ ಒತ್ತಬ್ಯಾಡ್ರಿ, ನಡುವ ಒಂದು ನಿಮಿಷ ಬಿಡ್ರಿ. ಡೀಸೆಲಿನ್ಯಾಗ ಏರ್ ಹಿಡದ ಗಾಡಿಗೆ ಸೆಲ್ಫ್ ಹೊಡದ್ ಹೊಡದ್ ಚಲೋ ಬ್ಯಾಟರಿ ಕೆಡಸ್ತಾರ.

ಅಮರಗೋಳ_ಎಪಿಎಂಸಿ

ಮಾರ್ಕೆಟ್ಟಿನ್ಯಾಗ ಪಾಳಿ ಹಚ್ಚಿ ನಿಲ್ಲೂದರ ಬಗ್ಗೆ ಒಂದು ಲೆಕ್ಕ ಹೇಳ್ತೀನಿ, ಬ್ಯಾಡಗಿಗೂ ಬರತೈತಿ, ಕಬ್ಬಿನ ಫ್ಯಾಕ್ಟರಿ ಮುಂದ ನಿಲ್ಲೋ ಗಾಡಿಗೂ ಬರತೈತಿ. ಪಾರ್ಕಿಂಗ್ ಲೈಟ್ ಎಲ್ಲಾ ಕೂಡಿ 60 ವ್ಯಾಟ್ ಅಂತ ಹಿಡೀರಿ, 24ರಿಂದ ಭಾಗಿಸಿದ್ರ ಎರಡೂವರಿ ಆಂಪಿಯರ್. ಹತ್ತು ತಾಸಿಗೆ 25 ಎಎಚ್. ಫ್ಯಾನ್ 2 ಆಂಪಿಯರ್ ಎಂಟು ತಾಸು ತಿರಗಿದ್ರ 16. ಒಂದ ರಾತ್ರಿಗೆ 41 ಎಎಚ್ ಹೋತು, ಟೇಪ್ ಬ್ಯಾರೆ. ಎರಡು ರಾತ್ರಿ ಹಂಗ ನಿಂತ್ರ 150 ಎಎಚ್ ಬ್ಯಾಟರಿ ಅರ್ಧ ದಾಟಿ ಇಳೀತೈತಿ. 41 ತೆಗದದ್ದು ತುಂಬಾಕ ಸುಮಾರು 48 ಕೊಡಬೇಕು, ತುಂಬತಾ ಹೋದಂಗ ಬ್ಯಾಟರಿ ಕರೆಂಟ್ ಕಡಿಮಿ ತಗೋತೈತಿ. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಬರೋ ಎರಡು ತಾಸಿನ ಓಟದಾಗ ಪೂರ್ತಿ ಆಗೂದಿಲ್ಲ.

ಪಾಳಿ ಉದ್ದ ಇದ್ರ ದಿನಾ ಚೂರು ಇಂಜಿನ್ ಚಾಲೂ ಮಾಡಿ ಬಂದ್ ಮಾಡೂದ್ರಿಂದ ಉಪಯೋಗ ಇಲ್ರಿ. ಸೆಲ್ಫ್ ತಿಂದದ್ದರ ಜೋಡಿ ಒಂದೀಟು ತುಂಬತೈತಿ ಅಷ್ಟ, ರಾತ್ರಿ ಹೋದ 41 ಬರೂದಿಲ್ಲ. ಒಳಗ ನಿಂತ ಮ್ಯಾಲೆ ಲೈಟ್ ಬಂದ್ ಇಡ್ರಿ, ಎಲ್‌ಇಡಿ ಬಲ್ಬ್ ಹಾಕಿಸ್ರಿ.

ಬೈಪಾಸ್_ಗಬ್ಬೂರ

ಜಿಪಿಎಸ್ ಮರೀಬ್ಯಾಡ್ರಿ. ಜಿಪಿಎಸ್, ಅಲಾರಂ, ಕ್ಯಾಮೆರಾ ಕೂಡಿ ಬರೇ 100 ಮಿಲಿ ಆಂಪಿಯರ್ ಎಳದ್ರೂ ದಿನಕ್ಕ 2.4 ಎಎಚ್, ತಿಂಗಳಿಗೆ 72. ಮಳಿಗಾಲದಾಗ ಲೋಡ್ ಇಲ್ದ ತಿಂಗಳಗಟ್ಟಲೆ ನಿಂತ ಗಾಡಿ ಬ್ಯಾಟರಿ ಅರ್ಧ ಖಾಲಿ ಆಗೂದು ಹಿಂಗ. ಅರ್ಧ ಖಾಲಿ ಇಟ್ಟು ಬಿಟ್ರ ಪ್ಲೇಟಿನ ಮ್ಯಾಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತ ಕರಗೂದಿಲ್ಲ. ವಾರಕ್ಕಿಂತ ಜಾಸ್ತಿ ನಿಲ್ಲೂದಿದ್ರ ಮೇನ್ ಸ್ವಿಚ್ ಬಂದ್ ಮಾಡ್ರಿ. ಬಿಎಸ್ 6 ಗಾಡಿಗೆ ಒಂದು ಎಚ್ಚರ: ಕೀಲಿ ಬಂದ್ ಮಾಡಿದ ಮ್ಯಾಲೂ ಹೊಗಿ ಸ್ವಚ್ಛ ಮಾಡೋ ಯೂರಿಯಾದ ಪಂಪ್ ಪೈಪಿನ್ಯಾಗಿಂದು ವಾಪಸ್ ಎಳಕೋತಿರ್ತೈತಿ. ಕೂಡ್ಲೆ ಮೇನ್ ಬಂದ್ ಮಾಡಿದ್ರ ಯೂರಿಯಾ ಅಲ್ಲೇ ಹರಳುಗಟ್ಟತೈತಿ. ಎಷ್ಟು ನಿಮಿಷ ಕಾಯಬೇಕು ಅಂತ ಗಾಡಿ ಪುಸ್ತಕದಾಗ ಇರತೈತಿ, ಅಷ್ಟು ಕಾಯ್ರಿ.

ರಾಣೆಬೆನ್ನೂರ_ಟಿಪ್ಪರ್

ಗ್ರಾವಿಟಿ ಕಡಿಮಿ ಬಂದ್ರ ಆಸಿಡ್ ಹಾಕಿ ಏರಿಸಿ ಕೊಡ್ತಾರಲ್ರೀ, ಅದು ನಡೀತದೇನು? ಮತ್ತ ಆರ್‌ಓ ನೀರು?

ಗದಗ_ಸೆಲ್ಫ್_ಡೈನಮೋ

ಎರಡೂ ಬ್ಯಾಡ್ರಿ. ಬ್ಯಾಟರಿಯಿಂದ ಇಂಗಿ ಹೋಗೂದು ನೀರಷ್ಟ, ಆಸಿಡ್ ಹೋಗೂದಿಲ್ಲ. ಚೆಲ್ಲಿ ಹೋದ್ರ ಮಾತ್ರ ಆಸಿಡ್ ಕೊರತಿ. ಗ್ರಾವಿಟಿ ಇಳದೈತಿ ಅಂದ್ರ ಆಸಿಡ್ಡಿನ ಅಂಶ ಪ್ಲೇಟಿನೊಳಗ ಕೂತೈತಿ, ಚಾರ್ಜ್ ಮಾಡಿದ್ರ ಹೊರಗ ಬರತೈತಿ. ಮ್ಯಾಲಿಂದ ಆಸಿಡ್ ಸುರಿದ್ರ ಹೈಡ್ರೋಮೀಟರ್ ಏರತೈತಿ, ಬ್ಯಾಟರಿಗೆ ಬಲ ಬರೂದಿಲ್ಲ, ಪ್ಲೇಟಿನ ಜಾಳಿಗಿ ತಿಂದು ಲಗೂನ ಸಾಯತೈತಿ. ಹಳೇ ಬ್ಯಾಟರಿ ಮಾರೋ ಮುಂದ ಹಿಂಗ ಮಾಡಿ ತೋರಸ್ತಾರ, ಹುಷಾರ್.

ಆರ್‌ಓ ನೀರಿನ್ಯಾಗ ಉಪ್ಪಿನಂಶ ಉಳದಿರ್ತೈತಿ, ಎಸಿಯಿಂದ ಸೋರೋ ನೀರಿನ್ಯಾಗ ಧೂಳು, ತಾಮ್ರ. ಗದಗ, ಮುಂಡರಗಿ ಕಡಿ ಬೋರಿನ ನೀರಂತೂ ಬಾಯಿಗೇ ಸವಳು ಹತ್ತತೈತಿ, ಪ್ಲೇಟಿಗೆ ವಿಷ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬ್ಯಾರೆ ಬ್ಯಾಡ. ಪ್ಲೇಟಿನ ಮ್ಯಾಲೆ 10–15 ಮಿಲಿಮೀಟರ್ ನಿಂತ್ರ ಸಾಕು, ತುಂಬಿ ತುಳುಕೂಹಂಗ ಹಾಕಿದ್ರ ಚಾರ್ಜಿನ್ಯಾಗ ಉಕ್ಕಿ ಟರ್ಮಿನಲ್ ತಿಂತೈತಿ. ಬ್ಯಾಸಿಗ್ಯಾಗ 15 ದಿನಕ್ಕೊಮ್ಮೆ ಬೂಚ್ ತಗದು ನೋಡ್ರಿ. ಎಲ್ಲಾ ಸೆಲ್ಲೂ ನೀರು ಕುಡದ್ರ ಕಟೌಟ್ ನೋಡ್ರಿ, ಒಂದ ಸೆಲ್ ಕುಡದ್ರ ಆ ಸೆಲ್ ಹೋಗೂ ದಾರಿ ಹಿಡದೈತಿ. ಆಸಿಡ್ ಕಂದು ಬಣ್ಣಕ್ಕ ತಿರುಗಿದ್ರ ಪ್ಲೇಟಿಗೆ ಬಳದ ಮಸಾಲಿ ಉದುರೇತಿ, ಚಾರ್ಜ್ ಮಾಡಿ ಉಪಯೋಗ ಇಲ್ಲ.

ಮೋಟೆಬೆನ್ನೂರ_14ಟೈರ್

ಚಾರ್ಜ್ ಆತ್ರಿ. ಎರಡನೇದು ಈಗ 1235, 1240, 1235, 1240, 1240, 1235. ಒಂದನೇದಕ್ಕ ಎಲ್ಲಾ ಸೆಲ್ ಕೂಡಿ ಒಂದು ಲೀಟರ್ ಮ್ಯಾಲ ನೀರು ಹಿಡೀತು. ಟೇಪಿನ ವೈರ್ ನಡುವಿನ ಜೋಡಣಿಗೇ ಇತ್ತು, ತಗಸೀನಿ. ನಸುಕಿನ್ಯಾಗ ಸೆಲ್ಫ್ ಹೊಡದಾಗ ಒಂದನೇದು 10.2, ಎರಡನೇದು 10.4. ಚಾಲೂ ಇದ್ದಾಗ 14.2, 14.0.

ತಾರಿಹಾಳ_ಎಲೆಕ್ಟ್ರಿಕಲ್

ಈ ಸೀಸನ್ನಿಗೆ ಬದಲಿ ಬೇಡ. ಎರಡನೇದು ಸಂಪೂರ್ಣ ಚೇತರಿಸಿಕೊಂಡಿದೆ. ಒಂದನೇದರ ಮೇಲೆ ಕಣ್ಣಿಡಿ, ಗಾಳಿಗೆ ಒಣಗಿದ ಪ್ಲೇಟಿನ ತುದಿ ಮತ್ತೆ ಕೆಲಸಕ್ಕೆ ಬರಲ್ಲ, ಮೊದಲು ಸೋಲೋದು ಅದೇ. ತಿಂಗಳಿಗೊಮ್ಮೆ ಸೆಲ್ಫ್ ಹೊಡೆಯುವಾಗ ಅಳೆಯಿರಿ. 9.8ಕ್ಕೆ ಬಂತು ಅಂದರೆ 9.6ಕ್ಕೆ ಕಾಯದೆ ಜೋಡಿ ಬದಲಿಸಿ. ಒಂದೇ ಬದಲಿಸಬೇಡಿ. ಹಳೇದರ ಶಕ್ತಿ ಕಡಿಮೆ, ಅದು ಬೇಗ ತುಂಬಿ ಬೇಗ ಇಳಿಯುತ್ತೆ, ಹೊಸದಕ್ಕೆ ಸರಿಯಾದ ಚಾರ್ಜ್ ಸಿಗಲ್ಲ. ಜೋಡಿ ಅಂದರೆ ಒಂದೇ ಕಂಪನಿ, ಒಂದೇ ಎಎಚ್, ಒಂದೇ ತಿಂಗಳಲ್ಲಿ ತಯಾರಾದದ್ದು. ಕೂಡಿಸಿ ಮೂರ್ನಾಲ್ಕು ತಿಂಗಳಿಗೇ ಒಂದು ಕೆಟ್ಟರೆ ಮಾತ್ರ ವಾರಂಟಿಯಲ್ಲಿ ಒಂದನ್ನೇ ಬದಲಿಸಬಹುದು.

ಸೀಲ್ಡ್ ಬ್ಯಾಟರಿ ಇರುವವರಿಗೆ: ಮೇಲಿನ ಹಸಿರು ಕಣ್ಣು (ಚಾರ್ಜ್ ತೋರಿಸುವ ಕಿಂಡಿ) ಒಂದು ಸೆಲ್ಲಿನ ಕತೆ ಮಾತ್ರ ಹೇಳುತ್ತೆ. ಉಳಿದ ಐದು ಸೆಲ್ಲಿಗೆ ನಿಂತ ವೋಲ್ಟ್ ಮತ್ತು ಲೋಡ್ ಟೆಸ್ಟೇ ಗತಿ. ಪೂರ್ತಿ ಚಾರ್ಜ್ ಮಾಡಿ 12 ತಾಸು ಬಿಟ್ಟ ಮೇಲೆ 12.4ಕ್ಕಿಂತ ಕೆಳಗಿದ್ದರೆ, ಡಬ್ಬಿ ಉಬ್ಬಿದ್ದರೆ, ಪೋಸ್ಟ್ ಅಲ್ಲಾಡುತ್ತಿದ್ದರೆ ತೆಗೆದುಹಾಕಿ.

ರಾಣೆಬೆನ್ನೂರ_ಟಿಪ್ಪರ್

ನಮ್ಮ ಟಿಪ್ಪರಿಂದು ಎರಡೂ ಡಬ್ಬಿ ಉಬ್ಯಾವು, ಕಟೌಟ್ 29.6 ತೋರಸ್ತೈತಿ. ಕಟೌಟ್ ಮೊದಲ ಬದ್ಲಿ ಮಾಡಸ್ತೀನಿ. ಹೊಸಾದು ತಗೊಳ್ಳೂ ಮುಂದ ಏನೇನು ನೋಡಬೇಕ್ರಿ?

ಗದಗ_ಸೆಲ್ಫ್_ಡೈನಮೋ

ತಯಾರಾದ ತಿಂಗಳ ಕೋಡ್ ಓದಿಸ್ಕೊಳ್ರಿ, ಆರು ತಿಂಗಳ ಮ್ಯಾಲ ಅಂಗಡ್ಯಾಗ ಕೂತದ್ದು ಬ್ಯಾಡ. ಅಲ್ಲೇ ಮೀಟರ್ ಹಿಡಸ್ರಿ, 12.5ರ ಕೆಳಗ ಇದ್ರ ಚಾರ್ಜ್ ಮಾಡಿ ಕೊಡಾಕ ಹೇಳ್ರಿ. ವಾರಂಟಿ 24+24 ಅಂದ್ರ ಮೊದಲ 24 ತಿಂಗಳು ಪೂರ್ತಿ ಬದ್ಲಿ, ಮುಂದಿನ 24 ತಿಂಗಳು ರೇಟಿನ್ಯಾಗ ಅಷ್ಟಿಷ್ಟು ಬಿಡ್ತಾರ. ಗಾಡಿ ನಂಬರ್, ತಾರೀಖು, ಸೀಲ್ ಮೂರೂ ಕಾರ್ಡಿನ ಮ್ಯಾಲೆ ಬೀಳಬೇಕು. ಎಎಚ್ ಗಾಡಿ ಕಂಪನಿ ಕೊಟ್ಟಷ್ಟ ಇರಲಿ.

ಬಿಚ್ಚೂ ಮುಂದ ಮೈನಸ್ ಮೊದಲ, ಕೂಡಿಸೂ ಮುಂದ ಮೈನಸ್ ಕಡೀಕ. ಪಾನಾ ಪ್ಲಸ್ ಮತ್ತ ಚೆಸ್ಸಿ ನಡುವ ತಾಗಿದ್ರ ಕಿಡಿ ಹಾರತೈತಿ, ಬ್ಯಾಟರಿ ಗ್ಯಾಸ್ ಹೊತ್ತಿ ಸಿಡೀತೈತಿ. ಬೀಡಿ ದೂರ. ಲಗ್ ಬಿಳಿ ಪುಡಿ ಹಿಡದಿದ್ರ ಒಂದು ಲೀಟರ್ ಬಿಸಿ ನೀರಿಗೆ ಎರಡು ಚಮಚ ಅಡಿಗಿ ಸೋಡಾ ಹಾಕಿ ಬ್ರಷ್‌ನಿಂದ ತೊಳೀರಿ, ಬೂಚ್ ಬಿಗಿ ಇರಲಿ, ಸೋಡಾ ಒಳಗ ಹೋದ್ರ ಆಸಿಡ್ ಸಾಯತೈತಿ. ಒಣಗಿಸಿ, ಬಿಗದು, ಮ್ಯಾಲೆ ಪೆಟ್ರೋಲಿಯಂ ಜೆಲ್ಲಿ. ಲಗ್ಗಿಗೆ ಸುತ್ತಿಗಿ ಏಟು ಕೊಡಬ್ಯಾಡ್ರಿ, ಪೋಸ್ಟ್ ಒಳಗ ಕಳಚತೈತಿ. ಟಿಪ್ಪರಿಗೆ ಮುಖ್ಯ ಅಂದ್ರ ಮ್ಯಾಲಿನ ಪಟ್ಟಿ. ಖಡಿ ಕ್ವಾರಿ ದಾರ್‍ಯಾಗ ಬ್ಯಾಟರಿ ಕುಣಿದ್ರ ಪ್ಲೇಟಿನ ಮಸಾಲಿ ಉದುರತೈತಿ. ಕೆಳಗ ರಬ್ಬರ್ ಹಾಳಿ ಹಾಕಿ, ಕೈಯಿಂದ ಅಲ್ಲಾಡಿಸಿದ್ರ ಅಲ್ಲಾಡಬಾರದು ಅಷ್ಟು ಪಟ್ಟಿ ಬಿಗೀರಿ. ಬಾಡಿ ವೆಲ್ಡಿಂಗ್ ಮಾಡ್ಸೂ ಮುಂದ ಬ್ಯಾಟರಿ ಬಿಚ್ಚೇ ಮಾಡ್ಸ್ರಿ, ಇಸಿಎಂ (ಇಂಜಿನ್ ಕಂಪ್ಯೂಟರ್) ಸುಟ್ರ ಬ್ಯಾಟರಿಗಿಂತ ಎಷ್ಟೋ ಪಟ್ಟು ಖರ್ಚು.

ಅಮರಗೋಳ_ಎಪಿಎಂಸಿ

ಹಳೇ ಬ್ಯಾಟರಿ ಹೊಸಾದು ಕೊಟ್ಟ ಅಂಗಡಿಗೇ ಎಕ್ಸ್‌ಚೇಂಜಿಗೆ ಕೊಡ್ರಿ, ಸೀಸದ ತೂಕಕ್ಕ ರೇಟ್ ಬರತೈತಿ. ಒಳಗಿನ ಆಸಿಡ್ ಗಟಾರಕ್ಕ ಚೆಲ್ಲಿ ಗುಜರಿಗೆ ಹಾಕೂದು ಬ್ಯಾಡ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ನೋಂದಣಿ ಇದ್ದವ್ರಿಗೇ ಅದು ಹೋಗಬೇಕು. ಕೊಡೂ ಮುಂದ ಅಂಗಡ್ಯಾಗ ನಿಂತು ತೂಕ ಮಾಡಸ್ರಿ, ಬಿಲ್ಲಿನ್ಯಾಗ ಹಳೇ ಬ್ಯಾಟರಿ ರೊಕ್ಕ ಬ್ಯಾರೆ ಸಾಲಿನ್ಯಾಗ ಕಳದು ಬರಸ್ಕೊಳ್ರಿ.